ಎನ್‌ಸಿಆರ್ ಆದೋರನ್ನ ಹೊರಗೆ ಬಿಡೋದು: ನನ್ನ ಅನುಭವ

ಕೆನಡಾದ ಒಂಟಾರಿಯೋದಲ್ಲಿ ಫೊರೆನ್ಸಿಕ್ ಔಟ್‌ರೀಚ್ ಟೀಮಲ್ಲಿ, ಅಂದ್ರೆ ಕೋರ್ಟ್ ಕೇಸಾಗಿ ಮಾನಸಿಕ ಆಸ್ಪತ್ರೆ ಸೇರಿದೋರು ಹೊರಗೆ ಬಂದು ಬದುಕೋಕೆ ನೆರವಾಗೋ ಟೀಮಲ್ಲಿ, ಕೇಸ್ ಮ್ಯಾನೇಜರ್ ನಾನು. ಕೃತ್ಯ ಮಾಡಿದ್ದು ಹೌದು, ಆದ್ರೆ ಮಾನಸಿಕ ಕಾಯಿಲೆಯಿಂದ ಆ ಹೊತ್ತಲ್ಲಿ ಏನ್ ಮಾಡ್ತಿದೀನಿ ಅಂತಾನೋ, ಇಲ್ಲಾ ಅದು ತಪ್ಪು ಅಂತಾನೋ ತಿಳಿಯೋ ಸ್ಥಿತೀಲಿ ಇರ್ಲಿಲ್ಲ ಅಂತ ಕ್ರಿಮಿನಲ್ ಕೋಡ್ 16ನೇ ಸೆಕ್ಷನ್ ಪ್ರಕಾರ ಕೋರ್ಟ್ ಹೇಳಿದೋರು ನಮ್ಮ ಕ್ಲೈಂಟ್ಸು, ಇದನ್ನೇ ಎನ್‌ಸಿಆರ್ (ನಾಟ್ ಕ್ರಿಮಿನಲಿ ರೆಸ್ಪಾನ್ಸಿಬಲ್) ಅನ್ನೋದು. ಕೆಲಸ ಏನು ಅಂತ ಹೇಳಿದ್ ಕೂಡ್ಲೇ ಎಲ್ರೂ ಕೇಳೋದು, ಅಂಥೋರನ್ನ ಯಾಕ್ರೀ ಬಿಡ್ತೀರಾ?

ಬಿಡೋದು ನಾನಲ್ಲ, ಇಂಥ ಕೇಸುಗಳನ್ನ ನೋಡೋ ರಿವ್ಯೂ ಬೋರ್ಡು. ಸಾಮಾನ್ಯವಾಗಿ ವರ್ಷಕ್ಕೊಂದ್ಸಲ ಹಿಯರಿಂಗ್, ಅಲ್ಲಿ ಮೂರರಲ್ಲಿ ಒಂದು ತೀರ್ಮಾನ: ಆಸ್ಪತ್ರೇಲಿ ಇಡೋದು, ಕಂಡೀಷನ್ ಹಾಕಿ ಬಿಡೋದು, ಇಲ್ಲಾ ಅಬ್ಸಲ್ಯೂಟ್ ಡಿಸ್ಚಾರ್ಜ್, ಅಂದ್ರೆ ಯಾವ ಕಂಡೀಷನ್ನೂ ಇಲ್ದೆ ಪೂರ್ತಿ ಬಿಡೋದು. ಕೆನಡಾ ಸುಪ್ರೀಂ ಕೋರ್ಟಿನ 1999ರ ವಿಂಕೋ ತೀರ್ಪಿನ ಪ್ರಕಾರ ಜನರ ಸುರಕ್ಷತೆಗೆ ಗಂಭೀರ ಅಪಾಯ ಇದೆ ಅಂತ ಬೋರ್ಡಿಗೆ ಖಚಿತವಾಗಿ ಅನ್ನಿಸದೇ ಇದ್ರೆ ಪೂರ್ತಿ ಬಿಡಲೇಬೇಕು, "ಇರ್ಲಿ ಯಾವುದಕ್ಕೂ" ಅಂತ ಇಟ್ಕೊಳ್ಳೋ ಹಾಗಿಲ್ಲ.

ನನ್ನ ಪಾಲಿನ ಕೆಲಸ ಅದಕ್ಕೂ ತುಂಬಾ ಮೊದಲೇ ಶುರುವಾಗತ್ತೆ. ಮೊದಲು ಸ್ಟಾಫ್ ಜೊತೆ ಕಾಂಪೌಂಡಲ್ಲಿ ಓಡಾಟ, ಆಮೇಲೆ ಒಬ್ರೇ, ಆಮೇಲೆ ಪಾಸ್ ಮೇಲೆ ಪೇಟೆಗೆ, ಆಮೇಲೆ ರಾತ್ರಿ ಹೊರಗೆ. ಟೈಮಿಗೆ ವಾಪಸ್ ಬಂದ್ರಾ ಅನ್ನೋದು ನನಗೆ ಸಣ್ಣ ವಿಷ್ಯ, ಬಸ್ ತಪ್ಪಿದಾಗ, ಅಂಗಡೀಲಿ ಯಾರೋ ರೇಗಿದಾಗ ಏನ್ ಮಾಡಿದ್ರು, ಫೋನ್ ಮಾಡಿದ್ರಾ, ಅದನ್ನ ಕೇಳಿ ಬರ್ಕೊತೀನಿ. ಪ್ರತಿಯೊಬ್ಬರ ಕಾಯಿಲೆ ವಾಪಸ್ ಬರೋದಕ್ಕೂ ಒಂದು ದಾರಿ ಇರತ್ತೆ, ಒಬ್ರಿಗೆ ನಿದ್ದೆ ಕೆಡತ್ತೆ, ಇನ್ನೊಬ್ರು ಟೀವಿ ಆಫ್ ಮಾಡಿ ಕರ್ಟನ್ ಎಳ್ಕೊಂಡ್ ಕೂತ್ಕೋತಾರೆ, ಆ ಲಿಸ್ಟನ್ನ ಅವರ ಜೊತೇನೇ ಕೂತು ಬರೀತೀವಿ.

ನಿಜವಾದ ತಲೆನೋವು ಮನೆ. ಎಷ್ಟೋ ಕೇಸಲ್ಲಿ ಪೆಟ್ಟು ತಿಂದೋರು ಅಪ್ಪ ಅಮ್ಮನೋ ಅಣ್ಣನೋ ಆಗಿರ್ತಾರೆ, ಅವರಿಗೆ ಇವನು ಬೇಕು, ಭಯಾನೂ ಇದೆ, ಹಾಗಾಗಿ ಮನೆಗೇ ಕಳ್ಸಿ ಅಂತ ಅಮ್ಮ ಅತ್ತರೂ ನಾನು ಸ್ಟಾಫ್ ಇರೋ ಗ್ರೂಪ್ ಹೋಮೇ ಹುಡುಕೋದು, ಅಲ್ಲಿ ವೇಟಿಂಗ್ ಲಿಸ್ಟು. ಬೆಡ್ ಸಿಗ್ಲಿಲ್ಲ ಅಂತ ಬಿಡುಗಡೆಗೆ ರೆಡಿ ಇರೋರು ವಾರ್ಡಲ್ಲೇ ಕೂತಿರ್ತಾರೆ. ಹೊರಗಿನ ಸಂತ್ರಸ್ತರಿದ್ರೆ ಅವರ ಏರಿಯಾ, ಬಸ್ ರೂಟ್ ಎಲ್ಲಾ ತಪ್ಪಿಸಿ ಮನೆ ನೋಡ್ಬೇಕು.

ಬೋರ್ಡು ಔಷಧಿ ತಗೋ ಅಂತ ಬಲವಂತ ಮಾಡೋ ಹಾಗಿಲ್ಲ, ಕ್ಲೈಂಟ್ ಒಪ್ಪಿದ್ರೆ ಮಾತ್ರ ಅದು ಕಂಡೀಷನ್ ಆಗತ್ತೆ. ಅದಕ್ಕೇ ನನ್ನ ಅರ್ಧ ಸಮಯ ಇಂಜೆಕ್ಷನ್ ಬಗ್ಗೆ ಮಾತಾಡೋದ್ರಲ್ಲೇ ಹೋಗತ್ತೆ, ತೂಕ ಜಾಸ್ತಿ ಆಯ್ತು ಅಂತ ಅವ್ರು ದೂರೋದು ಸುಳ್ಳಲ್ಲ, ಅದನ್ನ ತಳ್ಳಿಹಾಕಿದ ಡಾಕ್ಟ್ರ ಮಾತು ಆಮೇಲೆ ಅವ್ರು ಕೇಳಲ್ಲ. ಇನ್ನೂ ಅನುಮಾನ ಇದ್ದೋರಿಗೆ ಡಿಟೆನ್ಷನ್ ಆರ್ಡರಲ್ಲೇ (ಆಸ್ಪತ್ರೇಲಿ ಇಡೋ ಆದೇಶ) ಊರಲ್ಲಿ ವಾಸ ಮಾಡೋ ಅನುಮತಿ ಕೇಳ್ತೀವಿ, ಹದಗೆಟ್ರೆ ಆಸ್ಪತ್ರೆ ಬೇಗ ವಾಪಸ್ ಕರ್ಕೋಬಹುದು, ಕಂಡೀಷನಲ್ ಡಿಸ್ಚಾರ್ಜಲ್ಲಿ ಅಷ್ಟು ಸಲೀಸಲ್ಲ. ನನ್ನ ಪ್ರಕಾರ ಜನರನ್ನ ಕಾಪಾಡೋದು ಈ ನಿಧಾನಾನೇ.

ಅಬ್ಸಲ್ಯೂಟ್ ಡಿಸ್ಚಾರ್ಜ್ ಆದ್ಮೇಲೆ ಬೋರ್ಡಿಗೂ ನನಗೂ ಯಾವ ಅಧಿಕಾರಾನೂ ಇಲ್ಲ. ಹಾಗಾಗಿ ಹಿಯರಿಂಗ್‌ಗೆ ಮುಂಚೇನೇ ಫ್ಯಾಮಿಲಿ ಡಾಕ್ಟ್ರು, ಇಂಜೆಕ್ಷನ್ ಕ್ಲಿನಿಕ್, ಬಾಡಿಗೆ ಒಪ್ಪಂದ ಎಲ್ಲಾ ಅವರ ಹೆಸರಲ್ಲೇ ಮಾಡ್ಸಿರ್ತೀನಿ, ಮುಂದಿನ ಅಪಾಯಿಂಟ್‌ಮೆಂಟಿಗೆ ನಾನಿಲ್ದೇನೇ ಒಂದ್ಸಲ ಹೋಗಿ ಬನ್ನಿ ಅಂತ ಕಳ್ಸಿ ನೋಡ್ತೀನಿ.