‘ಸೆಟ್ ಇದೆ’ ಎಂದರೆ ಸಾಲದು: ಮಂಜೇಶ್ವರ–ಕಾಸರಗೋಡು ಕಡೆ ತುರ್ತು ಸಂಪರ್ಕ ಸಮೀಕ್ಷೆ ಮಾಡಿದ ಕ್ರಮ

ಎಷ್ಟು ವೈರ್‌ಲೆಸ್ ಸೆಟ್ ಇದೆ ಎಂದು ಲೆಕ್ಕ ಹಾಕುವುದು ಸುಲಭ. ಪೊಲೀಸ್ ಸಂಶೋಧನೆ ಮತ್ತು ಅಭಿವೃದ್ಧಿ ಬ್ಯೂರೋ ವರ್ಷ ವರ್ಷ ಹೊರತರುವ ಅಂಕಿಅಂಶದಲ್ಲಿ ಟೆಲಿಫೋನ್ ಇಲ್ಲದ ಠಾಣೆ ಎಷ್ಟು, ವೈರ್‌ಲೆಸ್ ಇಲ್ಲದ ಠಾಣೆ ಎಷ್ಟು ಎಂದು ರಾಜ್ಯವಾರು ಸಿಗುತ್ತದೆ. ಬಜೆಟ್ ಬರೆಯುವವರಿಗೆ ಅದು ಬೇಕು. ಉಪ್ಪಳದಿಂದ ಹೊರಟ ಫೈರ್‌ಫೋರ್ಸ್ ಗಾಡಿಯವರು ಮಂಜೇಶ್ವರ ಬಂದರಿನ ದೋಣಿಯವರ ಜೊತೆ ನೇರ ಮಾತಾಡಬಲ್ಲರೇ ಎಂಬುದಕ್ಕೆ ಆ ಪಟ್ಟಿಯಲ್ಲಿ ಉತ್ತರವಿಲ್ಲ. ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ ಇರುವ ನಾವು ಕೆಲವರು ಪಂಚಾಯತುಗಳಿಗಾಗಿ ಸಮೀಕ್ಷೆ ಮಾಡುವಾಗ ಹುಡುಕಿದ್ದು ಈ ಉತ್ತರವನ್ನು. ಬೇರೆ ಪಂಚಾಯತಿನವರಿಗೂ ಗಡಿಯಾಚೆಯ ಉಳ್ಳಾಲ, ವಿಟ್ಲ, ಸುಳ್ಯ ಕಡೆಯವರಿಗೂ ಉಪಯೋಗಕ್ಕೆ ಬರಲೆಂದು ಕ್ರಮವನ್ನು ಬರೆದಿಡುತ್ತಿದ್ದೇನೆ.

ನಮೂನೆಯನ್ನು ಸೊನ್ನೆಯಿಂದ ಮಾಡುವ ಅಗತ್ಯವಿಲ್ಲ. ಅಮೆರಿಕದ ಆಂತರಿಕ ಭದ್ರತಾ ಇಲಾಖೆ 2018ರಲ್ಲಿ ನಡೆಸಿದ ಸೇಫ್‌ಕಾಂ ಎಂಬ ತುರ್ತು ಸಂಪರ್ಕದ ರಾಷ್ಟ್ರೀಯ ಸಮೀಕ್ಷೆಯ ಚೌಕಟ್ಟು ಒಳ್ಳೆಯದಿದೆ. ಅದಕ್ಕೂ ಮೊದಲು ಆ ದೇಶದಲ್ಲಿ ಅಂಥ ದೊಡ್ಡ ಸಮೀಕ್ಷೆ ಆದದ್ದು 2006ರಲ್ಲಿ. ಅವರು ಮೂರು ವಿಷಯಗಳನ್ನು ಬೇರೆ ಬೇರೆ ಕೇಳುತ್ತಾರೆ: ನಿಮ್ಮ ತಂಡದೊಳಗೆ ಮಾತಾಡಲು ಆಗುತ್ತದೆಯೇ, ಬೇರೆ ಇಲಾಖೆಯವರ ಜೊತೆ ಆಗುತ್ತದೆಯೇ, ಮುಖ್ಯ ವ್ಯವಸ್ಥೆ ಬಿದ್ದಾಗಲೂ ಮುಂದುವರಿಯುತ್ತದೆಯೇ. ಆಡಳಿತ, ಕಾರ್ಯವಿಧಾನ, ತಂತ್ರಜ್ಞಾನ, ತರಬೇತಿ, ಬಳಕೆ ಎಂಬ ಐದು ಅಂಗಗಳೂ ಇವೆ. ಮೂರು ಪ್ರಶ್ನೆಗಳನ್ನು ಹಾಗೆಯೇ ಇಟ್ಟುಕೊಂಡೆವು. ಐದು ಅಂಗಗಳಲ್ಲಿ ಆಡಳಿತದ ಭಾಗವನ್ನು ಒಂದೇ ಸಾಲಿಗೆ ಇಳಿಸಿದೆವು: ‘ರಾತ್ರಿ ಎರಡು ಗಂಟೆಗೆ ಯಾರ ಅನುಮತಿ ಬೇಕು?’ ಪಂಚಾಯತು ಮಟ್ಟದಲ್ಲಿ ಅಷ್ಟು ಸಾಕು.

ಶುರುವಿಗೆ ತಹಶೀಲ್ದಾರರ ಅಥವಾ ಪಂಚಾಯತು ಕಾರ್ಯದರ್ಶಿಯ ಪತ್ರ ಕೈಯಲ್ಲಿರಬೇಕು. ಪತ್ರವಿಲ್ಲದೆ ಠಾಣೆಗೆ ಹೋಗಿ ವೈರ್‌ಲೆಸ್ ಬಗ್ಗೆ ವಿಚಾರಿಸಿದರೆ ಅವರೇ ನಮ್ಮನ್ನು ವಿಚಾರಿಸುತ್ತಾರೆ, ತಪ್ಪೇನಿಲ್ಲ. ಫ್ರೀಕ್ವೆನ್ಸಿ, ಕರೆಸಂಕೇತ, ರಿಪೀಟರ್ (ದನಿಯನ್ನು ಹಿಡಿದು ಮುಂದಕ್ಕೆ ಕಳಿಸುವ ಯಂತ್ರ) ಇರುವ ಜಾಗ ಇವನ್ನು ನಮೂನೆಯಲ್ಲಿ ಕೇಳಲೇಬೇಡಿ. ನಮಗೆ ಬೇಕಾದದ್ದು ತಲುಪುತ್ತದೋ ಇಲ್ಲವೋ ಎಂಬುದು ಮಾತ್ರ. ಪಟ್ಟಿಯಲ್ಲಿ ಪೊಲೀಸ್, ಕರಾವಳಿ ಪೊಲೀಸ್, ಫೈರ್‌ಫೋರ್ಸ್ ಮತ್ತು ಅದರಡಿಯ ಸಿವಿಲ್ ಡಿಫೆನ್ಸ್ ಸ್ವಯಂಸೇವಕರು, 108 ಮತ್ತು ಖಾಸಗಿ ಆಂಬುಲೆನ್ಸ್, ಆರೋಗ್ಯ ಕೇಂದ್ರ, ವಿಲೇಜ್ ಆಫೀಸ್, ವಿದ್ಯುತ್ ಮಂಡಳಿಯ ಸೆಕ್ಷನ್ ಆಫೀಸ್, ಬಂದರಿನ ದೋಣಿ ಮಾಲಕರು, ಪಂಚಾಯತಿನ ತುರ್ತು ಸ್ಪಂದನ ತಂಡ ಎಲ್ಲ ಇರಲಿ. ಸೆಕ್ಷನ್ ಆಫೀಸನ್ನು ಹೆಚ್ಚಿನವರು ಮರೆಯುತ್ತಾರೆ. ಮುರಿದ ಮರದ ಕೆಳಗೆ ತಂತಿ ಬಿದ್ದಿರುವಾಗ, ಲೈನ್ ಆಫ್ ಆಗಿದೆ ಎಂದು ಅವರು ಹೇಳುವವರೆಗೆ ಫೈರ್‌ಫೋರ್ಸಿನವರು ಮರ ಮುಟ್ಟುವ ಹಾಗಿಲ್ಲ.

ಸಮೀಕ್ಷೆಯ ಜೀವ ಇರುವುದು ಚೌಕದ ಕೋಷ್ಟಕದಲ್ಲಿ. ಎಡಗಡೆ ಕರೆಯುವವರು, ಮೇಲುಗಡೆ ಕರೆಸಿಕೊಳ್ಳುವವರು. ಪ್ರತಿ ಕೋಣೆಗೆ 0ಯಿಂದ 3ರವರೆಗೆ ಅಂಕ. ದಾರಿಯೇ ಇಲ್ಲದಿದ್ದರೆ 0. ಒಬ್ಬರ ಸ್ವಂತ ಮೊಬೈಲ್ ನಂಬರು ಮಾತ್ರ ಇದ್ದರೆ 1. ಕಚೇರಿಯ ನಂಬರಿನ ಜೊತೆ ಇನ್ನೊಂದು ದಾರಿಯೂ ಇದ್ದರೆ 2. ನಮ್ಮೆದುರೇ ಕರೆದು, ಆಚೆಯವರು ಸರಿಯಾಗಿ ಬರೆದುಕೊಂಡರೆ ಮಾತ್ರ 3. ಎರಡೂ ಕಡೆಯವರಿಗೆ ಪ್ರತ್ಯೇಕವಾಗಿ ಕೇಳಿ ತುಂಬಿಸಬೇಕು, ಒಬ್ಬರ ಉತ್ತರವನ್ನು ಇನ್ನೊಬ್ಬರಿಗೆ ತೋರಿಸಬಾರದು. ಆಂಬುಲೆನ್ಸ್ ಚಾಲಕರು ‘ಆಸ್ಪತ್ರೆಗೆ ಹೇಳಿಯೇ ಹೊರಡುತ್ತೇವೆ’ ಎಂದು 2 ಕೊಡುತ್ತಾರೆ. ಆಸ್ಪತ್ರೆಯ ಅಪಘಾತ ವಿಭಾಗದವರು ‘ಗಾಡಿ ಬಂದ ಮೇಲೆಯೇ ಗೊತ್ತಾಗುವುದು’ ಎಂದು 0 ಹಾಕುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಕರೆ ಹೋಗುವುದು ರಿಸೆಪ್ಶನ್ನಿಗೆ, ಅಲ್ಲಿಂದ ಒಳಗೆ ದಾಟುವುದಿಲ್ಲ. ಎರಡು ಕಡೆಯವರು ಕೊಟ್ಟ ಅಂಕ ಹೊಂದದ ಕೋಣೆಗಳಿಗೆ ಕೆಂಪು ಬಳಿಯಿರಿ. ಹಣ ಖರ್ಚಿಲ್ಲದೆ ಸರಿಮಾಡಬಹುದಾದ ದೋಷಗಳಲ್ಲಿ ಹೆಚ್ಚಿನವು ಆ ಕೆಂಪಿನಲ್ಲೇ ಸಿಗುತ್ತವೆ.

ವಾಟ್ಸಾಪ್ ಗುಂಪಿಗೆ 1ಕ್ಕಿಂತ ಹೆಚ್ಚು ಕೊಡಬಾರದು ಎಂಬುದು ನನ್ನ ಹಟ. ಕರೆಂಟು ಹೋಗಿ ಟವರಿನ ಬ್ಯಾಟರಿ ಇಳಿಯುತ್ತಾ ಬಂದಂತೆ ಸಂದೇಶ ತಡವಾಗಿ, ಹಿಂದುಮುಂದಾಗಿ ಬರುತ್ತದೆ. ‘ನೀರು ಇಳಿಯಿತು’ ಎಂಬುದು ‘ನೀರು ಏರುತ್ತಿದೆ’ ಎಂಬುದಕ್ಕಿಂತ ಮೊದಲು ತಲುಪಿದರೆ ಏನು ಮಾಡುವುದು?

ಪರೀಕ್ಷೆಯ ಮಾತು ‘ಹಲೋ, ಕೇಳ್ತದಾ’ ಎಂದಾದರೆ ಉಪಯೋಗವಿಲ್ಲ, ಅದು ಎಂಥ ಗದ್ದಲದಲ್ಲೂ ಅರ್ಥವಾಗುತ್ತದೆ. ಊರು, ಸಂಖ್ಯೆ, ಸ್ಥಿತಿ ಮೂರೂ ಇರುವ ವಾಕ್ಯ ಬೇಕು. ನಾವು ಬಳಸಿದ್ದು ಈ ಬಗೆಯದ್ದು: ‘ಪೈವಳಿಕೆ, ಬಾಯಾರು ರಸ್ತೆ, ಕಂಬ ನಂಬರು ಏಳು ಒಂದು ಆರು, ಮೂವರು ಇದ್ದಾರೆ, ಒಬ್ಬರಿಗೆ ನಡೆಯಲು ಆಗುವುದಿಲ್ಲ.’ ಕೇಳಿದವರು ಬರೆದುಕೊಂಡು ತಿರುಗಿ ಓದಬೇಕು. ಒಂದು ಅಂಕೆ ತಪ್ಪಿದರೂ ಪರೀಕ್ಷೆ ಬಿತ್ತು. ಗುಂಡಿ ಒತ್ತಿದ ಕೂಡಲೇ ಮಾತು ಶುರುಮಾಡಿದರೆ ಮೊದಲ ಪದ ಹಾರಿಹೋಗುತ್ತದೆ, ರಿಪೀಟರ್ ಮೂಲಕವಾದರೆ ಇನ್ನೂ ಹೆಚ್ಚು. ಒತ್ತಿ, ಒಂದು ಸೆಕೆಂಡ್ ಬಿಟ್ಟು ಮಾತಾಡಲು ಹೇಳಿ. ಜಾಗ ತಿಳಿಸಲು ವಿದ್ಯುತ್ ಕಂಬದ ಮೇಲೆ ಬರೆದ ನಂಬರನ್ನು ಓದುವುದು ಈ ಕಡೆ ಚೆನ್ನಾಗಿ ನಡೆಯುತ್ತದೆ. ಊರಿನ ಹೆಸರನ್ನು ಕನ್ನಡದವರು ಒಂದು ರೀತಿ, ಮಲಯಾಳದವರು ಇನ್ನೊಂದು ರೀತಿ ಹೇಳಿದರೂ ಕಂಬದ ನಂಬರು ಒಂದೇ. ಅದನ್ನು ಸೆಕ್ಷನ್ ಹೆಸರಿನೊಡನೆ ಹೇಳಬೇಕು.

ಗಡಿಯ ಪಂಚಾಯತುಗಳಿಗೆ ಒಂದು ಪುಟ ಹೆಚ್ಚು ಬೇಕು. ತಲಪಾಡಿ ಬದಿಯ ಕುಂಜತ್ತೂರು, ವರ್ಕಾಡಿ, ಎಣ್ಮಕಜೆ, ದೇಲಂಪಾಡಿಯಂಥಲ್ಲಿ ಫೋನು ಯಾವ ರಾಜ್ಯದ ಟವರ್ ಹಿಡಿದಿದೆಯೋ 112 ಕರೆಯೂ ಆ ರಾಜ್ಯದ ಕೇಂದ್ರಕ್ಕೇ ಹೋಗುತ್ತದೆ. ಮನೆಯ ಜಗಲಿಯಲ್ಲಿ ಕೇರಳ, ತೋಟದ ತಗ್ಗಿನಲ್ಲಿ ಕರ್ನಾಟಕ ಎಂದಾಗುವುದೂ ಉಂಟು. ಇದನ್ನು ತಿಳಿಯಲು 112ಕ್ಕೆ ಸುಮ್ಮಸುಮ್ಮನೆ ಕರೆಮಾಡಬಾರದು. ಫೋನಿನ ನೆಟ್‌ವರ್ಕ್ ಮಾಹಿತಿ ತೋರಿಸುವ ಆ್ಯಪ್ ಹಾಕಿ, ನೆಟ್‌ವರ್ಕ್ ಸಂಕೇತ ಓದಿ: ಏರ್‌ಟೆಲ್ ಆದರೆ ಕರ್ನಾಟಕಕ್ಕೆ 404-45, ಕೇರಳಕ್ಕೆ 404-95, ಬಿಎಸ್‌ಎನ್‌ಎಲ್ ಆದರೆ ಕರ್ನಾಟಕಕ್ಕೆ 404-71, ಕೇರಳಕ್ಕೆ 404-72. ವಾರ್ಡಿನ ನಕ್ಷೆಯಲ್ಲಿ ಶಾಲೆ, ಅಂಗನವಾಡಿ, ಸೇತುವೆ, ಬಸ್‌ಸ್ಟ್ಯಾಂಡಿನ ಹತ್ತಿರ ನಿಂತು ಓದಿದ ಸಂಕೇತ ಬರೆದರೆ ಕರೆ ದಾರಿತಪ್ಪುವ ಜಾಗಗಳು ತಾವಾಗಿ ಕಾಣುತ್ತವೆ. ಅಲ್ಲಿನ ಮನೆಗಳಿಗೆ ಹತ್ತಿರದ ಠಾಣೆ ಮತ್ತು ಫೈರ್‌ಫೋರ್ಸಿನ ನೇರ ನಂಬರನ್ನು ಎಸ್‌ಟಿಡಿ ಕೋಡ್ ಸಮೇತ ಕೊಡಬೇಕು. ಜಿಲ್ಲಾ ತುರ್ತು ಕಾರ್ಯಾಚರಣೆ ಕೇಂದ್ರದ 1077ಕ್ಕೂ ಇದೇ ಮಾತು, ಕೋಡ್ ಇಲ್ಲದೆ ಹೊಡೆದರೆ ಬೇರೆ ಜಿಲ್ಲೆಯವರು ಎತ್ತಬಹುದು. ನಮ್ಮ ಕಡೆಯ ರೋಗಿಗಳು ಮಂಗಳೂರಿಗೇ ಹೋಗುವವರು. 2020ರ ಮಾರ್ಚ್ ಕೊನೆಗೆ ತಲಪಾಡಿಯಲ್ಲಿ ಗಡಿ ಮುಚ್ಚಿ ಆಂಬುಲೆನ್ಸ್‌ಗಳು ನಿಂತದ್ದು ಎಲ್ಲರಿಗೂ ನೆನಪಿದೆ. ಹಾಗಾಗಿ ‘ಆಚೆ ಬದಿಯಲ್ಲಿ ಯಾರಿಗೆ ಹೇಳುತ್ತೀರಿ?’ ಎಂಬ ಪ್ರಶ್ನೆಗೆ ಹುದ್ದೆ ಮತ್ತು ನಂಬರು ಎರಡೂ ಬರದಿದ್ದರೆ 0.

ಇನ್ನು ಸಾಧನಗಳ ಕಡೆಗೆ ಬರುತ್ತೇನೆ. ಈ ಸೆಟ್ಟುಗಳು ಬಳಸುವ ವಿಎಚ್‌ಎಫ್ ರೇಡಿಯೊ ಅಲೆ ಹೆಚ್ಚುಕಡಿಮೆ ಕಣ್ಣಿಗೆ ಕಾಣುವಷ್ಟೇ ದೂರ ಹೋಗುವುದು. ಎರಡೂ ಆಂಟೆನಾಗಳ ಎತ್ತರವನ್ನು ಮೀಟರಿನಲ್ಲಿ ತೆಗೆದು, ಅವುಗಳ ವರ್ಗಮೂಲ ಕೂಡಿಸಿ 4.12ರಿಂದ ಗುಣಿಸಿದರೆ ಕಿಲೋಮೀಟರ್ ಸಿಗುತ್ತದೆ. ಕೈಯಲ್ಲಿ ಸೆಟ್ ಹಿಡಿದ ಇಬ್ಬರ ನಡುವೆ, 1.5 ಮೀಟರ್ ಎಂದಿಟ್ಟರೆ, ಸುಮಾರು 10 ಕಿ.ಮೀ. ಒಂದು ಕಡೆ 30 ಮೀಟರ್ ಎತ್ತರವಾದರೆ 27 ಕಿ.ಮೀ. ದಾಟುತ್ತದೆ. ಇದು ಸಮತಟ್ಟು ನೆಲದ ಲೆಕ್ಕ. ಪದವು (ಎತ್ತರದ ಬಯಲು), ಬೈಲು (ತಗ್ಗಿನ ಗದ್ದೆ), ಮತ್ತೆ ಪದವು ಎಂದು ಏರಿಳಿಯುವ ನಮ್ಮ ನೆಲದಲ್ಲಿ ಬೈಲಿನೊಳಗೆ 2 ಕಿ.ಮೀ.ಗೇ ದನಿ ಸಾಯುತ್ತದೆ. ಅದೇ ಸೆಟ್ ಪೊಸಡಿ ಗುಂಪೆ ಗುಡ್ಡದ ತಲೆಯಿಂದ ಕಡಲ ದಂಡೆಯನ್ನು ಸಲೀಸಾಗಿ ಮುಟ್ಟುತ್ತದೆ. ಆದ್ದರಿಂದ ಪರೀಕ್ಷೆ ಮಾಡಬೇಕಾದದ್ದು ನೆರೆ ಬರುವ ಬೈಲಿನಲ್ಲಿ ನಿಂತು. ಕಚೇರಿಯ ಟೆರೇಸಿನಿಂದ ಮಾಡಿದ್ದಕ್ಕೆ ಅಂಕ ಇಲ್ಲ. ಇಲಾಖೆಯ ಸೆಟ್ಟನ್ನು ಇಲಾಖೆಯವರೇ ಹಿಡಿಯಬೇಕು. ನಮ್ಮ ಹ್ಯಾಮ್ ಸೆಟ್ಟುಗಳಲ್ಲಿ 144ರಿಂದ 146 ಮೆಗಾಹರ್ಟ್ಸ್ ಒಳಗೆ, ಲೈಸೆನ್ಸ್ ಇದ್ದವರು ಮಾತ್ರ ಮಾತಾಡಿ ನೆಲದ ಅಂದಾಜು ತೆಗೆದೆವು.

ಕಚೇರಿಯಲ್ಲಿ ಕೂರಿಸಿದ ಬೇಸ್ ಸೆಟ್ಟಿನಿಂದ ಆಂಟೆನಾಕ್ಕೆ ಹೋಗುವ ಕೇಬಲ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ಇಲ್ಲಿ ಮೀಟರೇ ಮೋಸಮಾಡುತ್ತದೆ. ಆರ್‌ಜಿ-58 ಎಂಬ ತೆಳ್ಳಗಿನ ಕೇಬಲ್ 20 ಮೀಟರ್ ಎಳೆದರೆ ಈ ಫ್ರೀಕ್ವೆನ್ಸಿಯಲ್ಲಿ ಸುಮಾರು 4 ಡೆಸಿಬೆಲ್ ನಷ್ಟ: ಸೆಟ್ 25 ವ್ಯಾಟ್ ಕೊಟ್ಟರೆ ಆಂಟೆನಾಕ್ಕೆ ಸೇರುವುದು 10. ತಿರುಗಿ ಬರುವ ಅಲೆಯೂ ಅಷ್ಟೇ ಸೊರಗುವುದರಿಂದ ಕೆಳಗೆ ಇಟ್ಟ ಎಸ್‌ಡಬ್ಲ್ಯುಆರ್ ಮೀಟರು (ತಿರುಗಿ ಬರುವ ಅಲೆಯನ್ನು ಅಳೆಯುವುದು, 1ಕ್ಕೆ ಹತ್ತಿರವಾದಷ್ಟು ಒಳ್ಳೆಯದು) ಒಳ್ಳೆಯ ಸುದ್ದಿಯನ್ನೇ ಹೇಳುತ್ತದೆ. ಮೇಲೆ ಆಂಟೆನಾ ಕಳಚಿಬಿದ್ದರೂ ಅದು 2.3ರ ಆಸುಪಾಸು ತೋರಿಸೀತು. ಕೇಬಲ್ ಮಳೆನೀರು ಕುಡಿದು ನಷ್ಟ 10 ಡೆಸಿಬೆಲ್ ಆದರೆ, ಆಂಟೆನಾ ಇಲ್ಲದೆಯೂ 1.2! ಮೀಟರನ್ನು ಆಂಟೆನಾದ ಬುಡಕ್ಕೆ ಹಾಕಿ ಅಳೆಯಿರಿ. ಅಥವಾ ಮೇಲಿನ ತುದಿಗೆ ಆಂಟೆನಾದ ಬದಲು 50 ಓಮ್ ಡಮ್ಮಿ ಲೋಡ್ (ಶಕ್ತಿಯನ್ನು ಹೀರಿಕೊಳ್ಳುವ ರೋಧಕ) ಕಟ್ಟಿ, ಎರಡೂ ತುದಿಗಳಲ್ಲಿ ವ್ಯಾಟ್ ಓದಿ ಹೋಲಿಸಿ. ಕಡಲ ಬದಿಯ ಕಟ್ಟಡಗಳಲ್ಲಿ ಕನೆಕ್ಟರ್ ಬಿಚ್ಚಿದರೆ ಒಳಗೆ ಹಸಿರು ಕಿಲುಬು ಕಾಣುತ್ತದೆ. ಅದನ್ನು ಉಜ್ಜಿ ಹಾಕಿ ಪ್ರಯೋಜನವಿಲ್ಲ, ಕತ್ತರಿಸಿ ಹೊಸದು ಹಾಕಬೇಕು. ಮೇಲೆ ತನ್ನಷ್ಟಕ್ಕೆ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಬೇಕು, ಹೆಂಚಿನ ಮಾಡಿನ ಹಾಗೆ ಒಂದರ ಮೇಲೊಂದು ಬಂದು ನೀರು ಜಾರುತ್ತದೆ. ಕೇಬಲ್ ಗೋಡೆ ಹೊಕ್ಕುವ ಮೊದಲು ಕೆಳಮುಖವಾಗಿ ಒಂದು ಬಳುಕು ಕೊಡಿ, ನೀರು ಅಲ್ಲೇ ತೊಟ್ಟಿಕ್ಕಲಿ.

ಹ್ಯಾಂಡ್‌ಸೆಟ್‌ಗಳಲ್ಲಿ ದೋಷ ಯಾವಾಗಲೂ ಬ್ಯಾಟರಿಯದ್ದು. ಚಾರ್ಜರಿನಲ್ಲಿ ವರ್ಷಗಟ್ಟಲೆ ಕೂತ ಬ್ಯಾಟರಿಗೂ ಹಸಿರು ದೀಪ ಉರಿಯುತ್ತದೆ; ತುಂಬಿದೆ ಎಂದು ಹೇಳುವ ದೀಪಕ್ಕೆ ಎಷ್ಟು ಹಿಡಿಯುತ್ತದೆ ಎಂದು ಗೊತ್ತಿಲ್ಲ. ಚಾರ್ಜರಿನಿಂದ ತೆಗೆದು, ನೂರರಲ್ಲಿ 5 ಪಾಲು ಹೊತ್ತು ಮಾತು, 5 ಪಾಲು ಕೇಳುವುದು, 90 ಪಾಲು ಸುಮ್ಮನಿರುವುದು ಎಂಬ ರೂಢಿಯ ಕ್ರಮದಲ್ಲಿ ಓಡಿಸಿ, ಎಷ್ಟು ಗಂಟೆಗೆ ನಿಂತಿತೆಂದು ಸೆಟ್ಟಿನ ಮೇಲೆಯೇ ಚೀಟಿ ಅಂಟಿಸಿ. 8 ಗಂಟೆ ಬಾಳದ್ದು ಪಾಳಿಗೆ ಉಪಯೋಗವಿಲ್ಲ. ಬೆನ್ನು ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಪರೀಕ್ಷಿಸುವುದೂ ಬೇಡ, ಬದಿಗಿಡಿ. ಬೇಸ್ ಸೆಟ್ಟಿನ ಲೆಕ್ಕ ಹೀಗೆ: 50 ವ್ಯಾಟಿನ ಸೆಟ್ ಮಾತಾಡುವಾಗ 10 ಆಂಪಿಯರ್, ಸುಮ್ಮನಿದ್ದಾಗ ಅರ್ಧ ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಗಂಟೆಗೆ 6 ನಿಮಿಷ ಮಾತಾದರೆ ಖರ್ಚು 1.45 ಆಂಪಿಯರ್-ಗಂಟೆ. 40 ಆಂಪಿಯರ್-ಗಂಟೆಯ ಲೆಡ್-ಆಸಿಡ್ ಬ್ಯಾಟರಿಯಲ್ಲಿ ಅರ್ಧವನ್ನಷ್ಟೇ ಬಳಸಿದರೆ 13 ಗಂಟೆಗೆ ಮೇಲೆ ಬರುತ್ತದೆ. ಆಟಿಯ ಮಳೆಗೆ ಒಂದು ರಾತ್ರಿಗೆ ಸಾಕು, ಎರಡನೆಯ ರಾತ್ರಿಗೆ ಸೋಲಾರ್ ನಂಬಬೇಡಿ. ಜನರೇಟರ್ ಇದೆ ಎಂದವರ ಹತ್ತಿರ ಡೀಸೆಲ್ ಎಲ್ಲಿದೆ ಎಂದು ಕೇಳಿ, ಕ್ಯಾನ್ ನೋಡಿಯೇ ಅಂಕ ಹಾಕಿ.

ಎರಡು ಸೆಟ್ ಒಂದೇ ಫ್ರೀಕ್ವೆನ್ಸಿಯಲ್ಲಿದ್ದರೂ ಮಾತು ಕೇಳದಿದ್ದರೆ ಮೊದಲು ಸಂಶಯ ಪಡಬೇಕಾದದ್ದು ಸಿಟಿಸಿಎಸ್‌ಎಸ್ ಟೋನ್, ಅಂದರೆ ಮಾತಿನ ಜೊತೆ ಹೋಗುವ ಗುರುತಿನ ಸಣ್ಣ ಸ್ವರ; ಅದು ಹೊಂದದಿದ್ದರೆ ಸೆಟ್ ಬಾಯಿ ಬಿಡುವುದಿಲ್ಲ. ಮಾನಿಟರ್ ಗುಂಡಿ ಒತ್ತಿ ಹಿಡಿದಾಗ ದನಿ ಬಂದರೆ ಟೋನ್ ಹೊಂದಿಲ್ಲ ಎಂದರ್ಥ. ಆಗಲೂ ಬಾರದಿದ್ದರೆ ಒಂದು ಅನಲಾಗ್, ಇನ್ನೊಂದು ಡಿಎಂಆರ್ ಅಥವಾ ಟೆಟ್ರಾ ಎಂಬ ಡಿಜಿಟಲ್ ಬಗೆಯದ್ದು ಇರಬಹುದು. ಇವು ಒಂದರ ಮಾತು ಇನ್ನೊಂದಕ್ಕೆ ಅರ್ಥವಾಗದವು. ಎರಡನ್ನೂ ಜೋಡಿಸುವ ದುಬಾರಿ ಗೇಟ್‌ವೇ ಯಂತ್ರ ಕೇಳುವ ಮೊದಲು ಎರಡೂ ಸೆಟ್ಟನ್ನು ಒಂದೇ ಮೇಜಿನ ಮೇಲಿಟ್ಟು, ಕೇಳಿದ್ದನ್ನು ದಾಟಿಸುವ ಒಬ್ಬರನ್ನು ಕೂರಿಸುವುದು ಆಗುತ್ತದೋ ನೋಡಿ. ದೋಣಿಯವರ ಮೆರೈನ್ ಸೆಟ್ ಬೇರೆಯೇ. ಅವರ ಕರೆ ಚಾನೆಲ್ 16, ಅಂದರೆ 156.8 ಮೆಗಾಹರ್ಟ್ಸ್, ದಂಡೆಯಲ್ಲಿ ಅದನ್ನು ಇಡೀ ರಾತ್ರಿ ಕೇಳುವವರು ಯಾರು ಎಂಬುದೇ ಪ್ರಶ್ನೆ. ಜಾತ್ರೆ, ಮದುವೆಗಳಲ್ಲಿ ಕಾಣುವ ಅಗ್ಗದ ವಾಕಿಟಾಕಿಗಳನ್ನು ಪಟ್ಟಿಗೆ ಸೇರಿಸಬೇಡಿ. ಲೈಸೆನ್ಸ್ ಬೇಡದ್ದು 446.0ರಿಂದ 446.2 ಮೆಗಾಹರ್ಟ್ಸ್ ಒಳಗಿನ ಕಡಿಮೆ ಶಕ್ತಿಯ ಸೆಟ್ ಮಾತ್ರ, ಪರಿಹಾರ ಕ್ಯಾಂಪಿನ ಅಂಗಳಕ್ಕೆ ಅದು ಸಾಕು.

ನಮ್ಮ ಜಿಲ್ಲೆಗೆಂದೇ ಸೇರಿಸಿದ ಪ್ರಶ್ನೆ ಬಾವಿಯದ್ದು. ಮುರಕಲ್ಲಿನ ಆಳದ ಬಾವಿಗೆ ಇಳಿದವನ ಹ್ಯಾಂಡ್‌ಸೆಟ್ ಕಟ್ಟೆಯ ಬಳಿ ನಿಂತವನಿಗೆ ಕೇಳೀತು, ರಸ್ತೆಯಲ್ಲಿ ನಿಂತ ಗಾಡಿಗೆ ಕೇಳುವುದಿಲ್ಲ. ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದಲ್ಲಿ ಒಂದು ತಿರುವು ದಾಟಿದರೆ ಅದೂ ಇಲ್ಲ. ಗಾಳಿ ಕೆಟ್ಟ ಬಾವಿಯಲ್ಲಿ ಮುಖಕ್ಕೆ ಮಾಸ್ಕ್ ಹಾಕಿದವನಿಗೆ ಮಾತಾಡುವುದೇ ಕಷ್ಟ. ಹಾಗಾಗಿ ಕಟ್ಟೆಯಲ್ಲಿ ಒಬ್ಬರು ಮಾತು ದಾಟಿಸಲೆಂದೇ ನಿಲ್ಲುತ್ತಾರೋ, ಹಗ್ಗ ಎಳೆಯುವ ಸಂಜ್ಞೆ ಗೊತ್ತಿದೆಯೋ ಎಂದು ಕೇಳಿ, ತಂಡದ ಇಬ್ಬರನ್ನು ಪರಸ್ಪರ ಬೆನ್ನು ಹಾಕಿ ನಿಲ್ಲಿಸಿ ಹಗ್ಗ ಕೊಟ್ಟು ನೋಡಬೇಕು. ‘ನಿಲ್ಲಿಸು’ ಮತ್ತು ‘ಮೇಲೆ ಎಳೆ’ ಎಂಬುದನ್ನು ಇಬ್ಬರೂ ಒಂದೇ ಬಗೆಯಲ್ಲಿ ಎಳೆದರೆ 3 ಕೊಡಿ.

ಎಲ್ಲ ಮುಗಿದ ಮೇಲೆ ವರದಿ ದಪ್ಪ ಮಾಡಬೇಡಿ. ಕೋಷ್ಟಕ ಒಂದು ಹಾಳೆ, ಗಡಿಯ ಟವರ್ ನಕ್ಷೆ ಒಂದು ಹಾಳೆ, ಕೆಂಪು ಕೋಣೆಗಳ ಪಟ್ಟಿ ಒಂದು ಹಾಳೆ; ಮೂರನೆಯದರಲ್ಲಿ ಖರ್ಚಿಲ್ಲದ ಕೆಲಸ ಮೊದಲು, ಖರ್ಚಿನದ್ದು ಆಮೇಲೆ. ಸಮೀಕ್ಷೆಗೆ ಹೊತ್ತು ಏಪ್ರಿಲ್, ಮೇ. ಆದರೆ ವರ್ಗಾವಣೆಯೂ ಮಳೆಯ ಮುಂಚೆಯೇ ಆಗುವುದರಿಂದ, ಹೆಸರಿನ ಬದಲು ಹುದ್ದೆ ಬರೆದು, ನಂಬರುಗಳನ್ನು ಜೂನ್ ಮೊದಲ ವಾರ ಇನ್ನೊಮ್ಮೆ ಕರೆದು ನೋಡಬೇಕು. ಹಾಳೆಯ ಮೂಲೆಯಲ್ಲಿ ತಾರೀಕು ಹಾಕಿ. ಹೊಸದನ್ನು ಅಂಟಿಸುವಾಗ ಕಂಟ್ರೋಲ್ ರೂಮ್, ಠಾಣೆ, ಆಂಬುಲೆನ್ಸ್ ಮೂರೂ ಕಡೆಯ ಹಳೆಯ ಹಾಳೆ ಕಿತ್ತು ವಾಪಸು ತನ್ನಿ, ಇಲ್ಲದಿದ್ದರೆ ಗೋಡೆಯಲ್ಲಿ ಎರಡು ಪಟ್ಟಿ ಇರುತ್ತದೆ, ಕೈ ಹೋಗುವುದು ಹಳೆಯದಕ್ಕೇ.