ಏಜೆಂಟರ ಮೂಲಕ ಮನೆ ಕೊಳ್ಳುವಾಗ ಬೆಲೆಯನ್ನು ಬರೆದು ಕೊಡುವ ಬಗೆ

ಬೆಳಗಾವಿಯ ಟಿಳಕವಾಡಿಯಲ್ಲಾಗಲಿ ರಾಮತೀರ್ಥನಗರದಲ್ಲಾಗಲಿ ಮನೆಯೊಂದು ಮಾರಾಟಕ್ಕಿದೆ ಎಂದು ತಿಳಿದರೆ, ಬೆಲೆಯ ಮಾತುಕತೆ ಬಹುಮಟ್ಟಿಗೆ ಏಜೆಂಟರ ಫೋನಿನಲ್ಲಿಯೇ ಮುಗಿಯುತ್ತದೆ. ‘ನಾಳೆ ಇನ್ನೊಂದು ಪಾರ್ಟಿ ಬರತೈತ್ರಿ ಸಾಹೇಬ್ರ, ಇವತ್ತ ಟೋಕನ್ ಕೊಟ್ಟಬಿಡ್ರಿ’ ಎಂಬ ಮಾತಿಗೆ ಅವಸರಪಟ್ಟವರಿಗೆ, ತಾವು ಹೇಳಿದ ಷರತ್ತುಗಳಲ್ಲಿ ಯಾವುವು ಮಾಲೀಕರನ್ನು ಮುಟ್ಟಲೇ ಇಲ್ಲ ಎಂಬುದು ಸಂಚಕಾರ ಪತ್ರ (ಮುಂಗಡ ಕೊಟ್ಟು ಮಾಡಿಕೊಳ್ಳುವ ಮಾರಾಟದ ಕರಾರು) ಬರೆಯುವ ದಿನವೇ ಗೊತ್ತಾಗುವುದು. ಟೋಕನ್ ಕೊಡುವ ಮೊದಲೇ ಒಂದು ಪುಟದ ಪ್ರಸ್ತಾಪ ಪತ್ರ ಬರೆದುಕೊಟ್ಟರೆ ಈ ತೊಡಕು ಬಹುಪಾಲು ತಪ್ಪುತ್ತದೆ.

ಪತ್ರ ಬರೆಯುವ ಮುನ್ನ ಸಿ.ಟಿ.ಎಸ್. ಉತಾರ (ಮಾಲೀಕರ ಹೆಸರು, ಅಳತೆ ಇರುವ ನಗರ ಭೂಮಾಪನ ದಾಖಲೆ), ಇ-ಖಾತಾ ಮತ್ತು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಿಂದ ಪಡೆದ ಋಣಭಾರ ಪ್ರಮಾಣಪತ್ರವನ್ನು (ಇ.ಸಿ.) ಎದುರಿಗಿಟ್ಟುಕೊಳ್ಳಬೇಕು. ಉತಾರದಲ್ಲಿ ಎಷ್ಟು ಹೆಸರುಗಳಿವೆಯೋ ಅಷ್ಟೂ ಜನರನ್ನು ಉದ್ದೇಶಿಸಿ ಬರೆಯುವುದು ಒಳ್ಳೆಯದು. ತಂದೆ ತೀರಿಕೊಂಡ ಮೇಲೆ ಮನೆಯಲ್ಲಿರುವ ಹಿರಿಯ ಮಗನೊಬ್ಬನೇ ಹೂಂ ಎಂದು, ಕೊಲ್ಹಾಪುರಕ್ಕೋ ಮಿರಜಕ್ಕೋ ಮದುವೆಯಾಗಿ ಹೋದ ಅಕ್ಕತಂಗಿಯರ ಸಹಿಯಿಲ್ಲದೆ ಖರೀದಿ ನಿಂತುಹೋಗುವುದು ಈ ಭಾಗಕ್ಕೆ ಹೊಸತಲ್ಲ. ಬಾಗಲಕೋಟೆಯ ನವನಗರದಲ್ಲಿ ಕೊಳ್ಳುವವರು, ಆಲಮಟ್ಟಿ ಹಿನ್ನೀರಿನಿಂದ ಮನೆ ಕಳೆದುಕೊಂಡವರಿಗೆ ಬಿ.ಟಿ.ಡಿ.ಎ. (ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ) ಕೊಟ್ಟ ನಿವೇಶನವಾದರೆ, ಹಂಚಿಕೆ ಯಾರ ಹೆಸರಿಗೆ ಆಗಿತ್ತು ಎಂಬುದನ್ನೂ ನೋಡಬೇಕು.

ಮಾಲೀಕರು 68 ಲಕ್ಷ ಕೇಳುತ್ತಿದ್ದಾರೆ ಎಂದುಕೊಳ್ಳೋಣ. ಪತ್ರದ ಒಡಲು ಹೀಗಿದ್ದರೆ ಸಾಕು:

‘ಉತಾರದಲ್ಲಿ ನಮೂದಾದ ಅಳತೆಯ ಸದರಿ ಮನೆಯನ್ನು ರೂ. 62,50,000ಕ್ಕೆ (ಅರವತ್ತೆರಡು ಲಕ್ಷ ಐವತ್ತು ಸಾವಿರ) ಖರೀದಿಸಲು ಸಿದ್ಧನಿದ್ದೇನೆ. ಉತಾರದಲ್ಲಿ ಹೆಸರಿರುವ ಎಲ್ಲರೂ ಖರೀದಿ ಪತ್ರಕ್ಕೆ ಸಹಿ ಮಾಡತಕ್ಕದ್ದು. ಬ್ಯಾಂಕಿನ ವಕೀಲರು ದಾಖಲೆಗಳನ್ನು ಒಪ್ಪದಿದ್ದಲ್ಲಿ ಟೋಕನ್ ಹಣವನ್ನು 15 ದಿನಗಳೊಳಗೆ ಪೂರ್ತಿಯಾಗಿ ಮರಳಿಸತಕ್ಕದ್ದು. ಈ ಪ್ರಸ್ತಾಪವು ಬರುವ ಶನಿವಾರ ಸಂಜೆ 5 ಗಂಟೆಯವರೆಗೆ ಮಾತ್ರ ಊರ್ಜಿತ.’

ಶನಿವಾರಕ್ಕೆ ದಿನಾಂಕವನ್ನೂ ಹಾಕಿರಿ. ಬೆಲೆ ಇಳಿಸಿದ್ದಕ್ಕೆ ಕಾರಣವನ್ನು, ಅಂದರೆ ಸೋರುವ ಸ್ಲ್ಯಾಬು, ಬತ್ತಿದ ಬೋರು ಮೊದಲಾದುವನ್ನು ಕೆಳಗೆ ಎರಡು ಸಾಲಿನಲ್ಲಿ ಬರೆದರೆ ಏಜೆಂಟರಿಗೂ ಮಾತಾಡಲು ಆಧಾರ ಸಿಗುತ್ತದೆ. ಇನ್ವರ್ಟರ್, ನೀರಿನ ಟ್ಯಾಂಕು ಬಿಟ್ಟುಹೋಗುತ್ತಾರೋ ಒಯ್ಯುತ್ತಾರೋ ಎಂಬುದೂ ಅಲ್ಲಿಯೇ ಇರಲಿ.

ಗಡುವನ್ನು ಬರೆಯದೆ ಬಿಡಬಾರದು. 1872ರ ಭಾರತೀಯ ಕರಾರು ಕಾಯ್ದೆಯಂತೆ ನಿಗದಿಪಡಿಸಿದ ಅವಧಿ ಮುಗಿದರೆ ಪ್ರಸ್ತಾಪ ತಾನಾಗಿಯೇ ಬಿದ್ದುಹೋಗುತ್ತದೆ. ಒಪ್ಪಿಗೆ ಯಾವ ಷರತ್ತೂ ಇಲ್ಲದೆ ಪೂರ್ಣವಾಗಿರಬೇಕು. ಮಾಲೀಕರು ‘65 ಮಾಡ್ರಿ, ಕೊಡತೀನಿ’ ಎಂದರೆ ಅದು ಒಪ್ಪಿಗೆಯಲ್ಲ, ಹೊಸ ಪ್ರಸ್ತಾಪ. ಅದಕ್ಕೆ ನೀವು ಮತ್ತೊಂದು ಪತ್ರವನ್ನೇ ಬರೆಯಬೇಕು, ಹಳೆಯದರಲ್ಲಿ ಅಂಕಿ ತಿದ್ದಬಾರದು.

ನೀವು ಎಷ್ಟರವರೆಗೆ ಏರಬಲ್ಲಿರಿ ಎಂಬುದನ್ನು ಏಜೆಂಟರಿಗೆ ಹೇಳದಿರುವುದೇ ಲೇಸು. ಅವರು ಕೆಟ್ಟವರೆಂದಲ್ಲ, ಅನೇಕ ವೇಳೆ ದಲಾಲಿ ಎರಡೂ ಕಡೆಯಿಂದ, ಅದೂ ಬೆಲೆಯ ಮೇಲಿನ ಶೇಕಡಾ ಲೆಕ್ಕದಲ್ಲಿ ಬರುವುದರಿಂದ, ಬೆಲೆ ಇಳಿಸುವುದರಲ್ಲಿ ಅವರಿಗೆ ಲಾಭವಿಲ್ಲ. ದಲಾಲಿ ಎಷ್ಟು, ಅದು ನೋಂದಣಿಯ ದಿನವೇ ಸಲ್ಲತಕ್ಕದ್ದೇ ಎಂಬುದನ್ನು ಅವರೊಡನೆ ಬೇರೆ ಚೀಟಿಯಲ್ಲಿ ಬರೆದುಕೊಳ್ಳಿ.

ಟೋಕನ್ ಹಣ ಮಾಲೀಕರ ಹೆಸರಿನ ಚೆಕ್ಕಿನಲ್ಲಿಯೋ ಬ್ಯಾಂಕ್ ವರ್ಗಾವಣೆಯಲ್ಲಿಯೋ ಹೋಗಲಿ. ಸ್ಥಿರಾಸ್ತಿಯ ಮುಂಗಡವಾಗಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನ ನಿರ್ಬಂಧವಿದೆ. ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರು ಶೇಕಡಾ 1ರಷ್ಟು ಟಿ.ಡಿ.ಎಸ್. (ಮಾಲೀಕರಿಗೆ ಕೊಡುವ ಹಣದಲ್ಲೇ ಕಡಿತ ಮಾಡಿ ಸರಕಾರಕ್ಕೆ ಕಟ್ಟುವ ತೆರಿಗೆ) ಹಿಡಿಯಬೇಕು (ಮಾರುವವರು ವಿದೇಶದಲ್ಲಿ ನೆಲೆಸಿದ್ದರೆ ಲೆಕ್ಕವೇ ಬೇರೆ). ನಮ್ಮ ಉದಾಹರಣೆಯಲ್ಲಿ, ಸರಕಾರಿ ಮಾರ್ಗಸೂಚಿ ಬೆಲೆ ಹೆಚ್ಚಿರದಿದ್ದರೆ, ಅದು 62,500 ರೂಪಾಯಿ; ಇದನ್ನು ಪತ್ರದಲ್ಲೇ ಕಾಣಿಸದಿದ್ದರೆ ನೋಂದಣಿ ಕಚೇರಿಯ ಮೆಟ್ಟಿಲ ಮೇಲೆ ತಕರಾರು ಏಳುತ್ತದೆ.

ಪತ್ರದ ಕೆಳಗೆ ‘ಒಪ್ಪಿದ್ದೇವೆ’ ಎಂದು ಮಾಲೀಕರೆಲ್ಲರ ಸಹಿ, ದಿನಾಂಕಕ್ಕೆ ಜಾಗ ಬಿಡಬೇಕು. ವಟಮುಖತ್ಯಾರ ಪತ್ರ (ಮಾಲೀಕರ ಪರವಾಗಿ ಸಹಿ ಮಾಡಲು ಕೊಟ್ಟ ಅಧಿಕಾರ ಪತ್ರ) ಇಲ್ಲದ ಏಜೆಂಟರ ಸಹಿಯನ್ನು ಅಲ್ಲಿ ನೆಚ್ಚಬೇಡಿ. ಸಹಿಯಾದ ಪ್ರತಿ ಕೈಗೆ ಬಂದ ಮೇಲೆಯೇ ಚೆಕ್ಕು ಕೊಟ್ಟು, ಸಂಚಕಾರ ಪತ್ರಕ್ಕಾಗಿ ವಕೀಲರಲ್ಲಿಗೆ ಹೋಗಬಹುದು.