ಬೂಷ್ಟು ಹಿಡಿದ ಕ್ಯಾಸೆಟ್ಟಿನಿಂದ ದೂರದರ್ಶನದ ಒಂದು ಇಡೀ ಸಂಜೆ

ಕಾಸರಗೋಡಿನ ಮಳೆಗಾಲ ಕಂಡ ವಿಎಚ್‌ಎಸ್ ಕ್ಯಾಸೆಟ್ ಬಿಸಾಡಲಿಕ್ಕೇ ಸರಿ ಎಂದವರೇ ಹೆಚ್ಚು. ಹಾಗಿಲ್ಲ. ಅಡಿಕೆ ಅಟ್ಟದಲ್ಲಿದ್ದ ಇ-180 (ಮೂರು ಗಂಟೆಯ) ಟೇಪಿನಿಂದ ಬೆಂಗಳೂರು ದೂರದರ್ಶನದ ಎಂಬತ್ತರ ದಶಕದ ಮೂರು ಗಂಟೆ ಪೂರ್ತಿ ಬಂದಿದೆ: ಕೃಷಿ, ವಾರ್ತೆ, ಸಿನಿಮಾ ಹಾಡುಗಳ ಚಿತ್ರಮಂಜರಿ, ನಡುವಿನ ಜಾಹೀರಾತು, ಅಡಚಣೆಯ ಫಲಕ ಎಲ್ಲ.

ಬೂಷ್ಟು ಕೂರುವುದು ಟೇಪಿನ ಅಂಚಿನಲ್ಲಿ. ಧ್ವನಿ ಇರುವುದು ಮೇಲಂಚಿನಲ್ಲಿ, ಚಿತ್ರದ ಓಟಕ್ಕೆ ತಾಳ ಕೊಡುವ ಕಂಟ್ರೋಲ್ ಟ್ರ್ಯಾಕ್ ಕೆಳಗಂಚಿನಲ್ಲಿ. ಮೇಲೆ ತಿಂದರೆ ಮಾತು ಅಡಗುತ್ತದೆ, ಕೆಳಗೆ ತಿಂದರೆ ಚಿತ್ರ ಹಾರುತ್ತದೆ. ಒರೆಸದೆ ಓಡಿಸಿ ಒಂದು ವಿಸಿಆರ್‌ನ (ಕ್ಯಾಸೆಟ್ ಓಡಿಸುವ ಯಂತ್ರದ) ಹೆಡ್, ಅಂದರೆ ಟೇಪನ್ನು ಓದುವ ಭಾಗ, ಹೋಯಿತು, ಮೂರು ಸಾವಿರ ನೀರುಪಾಲು. ಖಾಲಿ ಟೇಪೊಂದನ್ನು ಬಿಸಿಲಿಗಿಟ್ಟು ನೋಡಿದೆ, ಅಂಚು ಅಲೆಯಲೆಯಾಯಿತು. ಅಕ್ಕಿ ಡಬ್ಬಿಯಲ್ಲಿಟ್ಟರೆ ತೌಡಿನ ಧೂಳು ಒಳಗೆ ಸೇರಿತು. ಕೈಹಿಡಿದದ್ದು ಗಾಳಿಯಾಡದ ಸ್ಟೀಲ್ ಡಬ್ಬಿ, ತೇವ ಹೀರುವ ಅರ್ಧ ಕಿಲೋ ಸಿಲಿಕಾ ಜೆಲ್, ಮೂರು ವಾರ.

ಆಮೇಲೆ ಐದು ಸ್ಕ್ರೂ ಬಿಚ್ಚಿ ರೀಲುಗಳನ್ನು ಶುದ್ಧವಾದ ಬೇರೆ ಕವಚಕ್ಕೆ ಹಾಕಿ, ರಿವೈಂಡರಿನಲ್ಲಿ ಮೆತ್ತನೆ ಬಟ್ಟೆಯ ನಡುವೆ ನಾಲ್ಕು ಸಲ ಓಡಿಸಿದೆ. ಈ ಕೆಲಸ ಅಂಗಳದಲ್ಲೇ ಆಗಬೇಕು, ಮೂಗಿಗೆ ಮಾಸ್ಕ್ ಬೇಕು. ಹೆಡ್ ಒರೆಸುವಾಗ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಚರ್ಮದ ತುಂಡನ್ನು ಅಲುಗಿಸದೆ ಹಿಡಿದು, ಹೆಡ್ ಕೂತ ಡ್ರಮ್ಮನ್ನೇ ಕೈಯಲ್ಲಿ ತಿರುಗಿಸಿ. ಮೇಲೆ ಕೆಳಗೆ ಉಜ್ಜಿದರೆ ಹೆಡ್ಡಿನ ತುದಿ ಮುರಿಯುತ್ತದೆ. 

ವಿಸಿಆರ್‌ನಿಂದ ನೇರ ಕಂಪ್ಯೂಟರಿಗೆ ಕ್ಯಾಪ್ಚರ್ ಮಾಡಿದಾಗ ಚಿತ್ರದ ತಲೆ ವಾಲಿತು. ನಡುವೆ ಹಳೆ ಡಿವಿಡಿ ರೆಕಾರ್ಡರ್ ಕೊಟ್ಟ ಮೇಲೆ ನೆಟ್ಟಗೆ ನಿಂತಿತು. ಗುಣಮಟ್ಟ ಕಳೆಯದೆ ಉಳಿಸುವ ಹಫ್‌ವೈಯುವಿ ರೂಪದಲ್ಲಿ ಗಂಟೆಗೆ ಸುಮಾರು 30 ಜಿಬಿ. ಎರಡನೇ ವಿಸಿಆರ್, ಬೆಲ್ಟು, ಟೇಪ್ ಎಳೆಯುವ ಪಿಂಚ್ ರೋಲರ್ ಎಲ್ಲ ಸೇರಿ ಖರ್ಚು ಹನ್ನೊಂದು ಸಾವಿರದ ಆಸುಪಾಸು.

ಎಲ್ಲರೂ ಎಡವುವುದು ಇನ್ನು ಮುಂದೆ. ಒಂದೇ ಸಂಜೆಯಾದರೂ ಕಾರ್ಯಕ್ರಮಗಳ ಜಾತಿ ಬೇರೆ ಬೇರೆ. ಸ್ಟುಡಿಯೋದ ವಾರ್ತೆಯಲ್ಲಿ ಸೆಕೆಂಡಿಗೆ 50 ಫೀಲ್ಡು (ಒಂದು ಬಿಟ್ಟು ಒಂದು ಗೆರೆಯ ಅರ್ಧಚಿತ್ರ), ಪ್ರತಿಯೊಂದರಲ್ಲೂ ಹೊಸ ಚಲನೆ. ಅದನ್ನು ಡಿಇಂಟರ್‌ಲೇಸ್ ಮಾಡಿ, ಅಂದರೆ ಪ್ರತಿ ಅರ್ಧಚಿತ್ರವನ್ನೂ ಪೂರ್ಣಚಿತ್ರವಾಗಿಸಿ, 50 ಫ್ರೇಮಿಗೆ ತರಬೇಕು. ಚಿತ್ರಮಂಜರಿಯ ಹಾಡು ಫಿಲ್ಮಿನದು, 25 ಪೂರ್ಣ ಫ್ರೇಮು. ಅದಕ್ಕೂ ಅದೇ ಫಿಲ್ಟರ್ ಹಾಕಿದರೆ ಸೀರೆಯ ಸಣ್ಣ ಅಂಚು ಮಿಣುಗುತ್ತದೆ. ಹಾಡನ್ನು ಮುಟ್ಟದೆ ಪ್ರತಿ ಫ್ರೇಮನ್ನೂ ಎರಡೆರಡು ಸಲ ಇಟ್ಟು 50 ಮಾಡಿದೆ. ಬೆಳಕಿನ ಮಟ್ಟವನ್ನೂ ಕಾರ್ಯಕ್ರಮಕ್ಕೆ ತಕ್ಕಂತೆ ಬೇರೆಯಾಗಿ ಹೊಂದಿಸಿ, ಕೊನೆಗೆ ಪ್ರಸಾರದ ಕ್ರಮದಲ್ಲೇ ಜೋಡಿಸಿದೆ. ಜಾಹೀರಾತು ಕತ್ತರಿಸಲು ಹೇಳಿದವರಿದ್ದರು. ಕತ್ತರಿಸಿದರೆ ಅದು ಹಾಡಿನ ಕಟ್ಟು, ಸಂಜೆ ಅಲ್ಲ.

ವಾರ್ತೆಯ ಕೊನೆಯ ನಾಲ್ಕು ನಿಮಿಷದ ಧ್ವನಿ ಮಾತ್ರ ಬೂಷ್ಟಿನ ಪಾಲಾಯಿತು. ಆ ಮೌನವನ್ನು ಹಾಗೇ ಬಿಟ್ಟಿದ್ದೇನೆ.